ಒಂದು ಗೆಣ್ಣು ನೀರು: ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಿಗೊಂದು ಮನವಿ

2021ರ ಮೇ ತಿಂಗಳ ಮೊದಲ ವಾರ. ಚನ್ನಗಿರಿ ತಾಲ್ಲೂಕಿನ ನಮ್ಮೂರಿನಲ್ಲಿ ಅವ್ವನಿಗೆ ಜ್ವರ ಬಂತು. ಪರೀಕ್ಷೆ ಮಾಡಿಸಿದೆವು, ಪಾಸಿಟಿವ್ ಅಂತ ಬಂತು. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಅವಳಿಗೆ ಹಾಸಿಗೆ ಹಾಸಿದೆವು. ಒಳಮನೆಯಲ್ಲಿ ಉಳಿದವರು ಅಪ್ಪ, ನಾನು, ನನ್ನ ತಮ್ಮ. ಮೂರೂ ಗಂಡು ಜೀವ.

ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತರೆ ಚೊಗರಿನ ಬಣ್ಣ ನೋಡಿಯೇ ಹದ ಹೇಳುವವರು ನಮ್ಮಪ್ಪ. ಆ ದಿನ ಅವರು ಮುಚ್ಚಿದ ಬಾಗಿಲಿನ ಹೊರಗೆ, ಕೈಯಲ್ಲಿ ಪಾತ್ರೆ ಹಿಡಿದು ನಿಂತು ಕೇಳಿದರು: “ಅಕ್ಕಿಗೆ ನೀರು ಎಷ್ಟು ಇಡ್ಲೇ?” ಕೆಮ್ಮಿನ ನಡುವೆ ಒಳಗಿಂದ ಉತ್ತರ ಬಂತು: “ಬೆರಳಿಟ್ಟು ನೋಡ್ರಿ. ಅಕ್ಕಿ ಮ್ಯಾಲೆ ಒಂದು ಗೆಣ್ಣು ನಿಲ್ಲಬೇಕು.”

ಆಮೇಲೆ ದಿನವೂ ಅದೇ ನಡೆಯಿತು. ಸಾಸಿವೆ ಯಾವ ಡಬ್ಬಿಯಲ್ಲಿದೆ, ಹಾಲಿಗೆ ಹೆಪ್ಪು ಎಷ್ಟು, ಎಮ್ಮೆಗೆ ಹಿಂಡಿ ನೆನೆಸಿದ್ದು ಎಲ್ಲಿ. ಜ್ವರದಲ್ಲಿ ಮಲಗಿದವಳು ಬಾಗಿಲ ಹಿಂದಿನಿಂದಲೇ ಮನೆ ನಡೆಸಿದಳು. ಕೋವಿಡ್ ಅವಳ ಕೈಗಳಿಗೆ ರಜೆ ಕೊಟ್ಟಿತು. ತಲೆಗೆ ಕೊಡಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂದು ನನಗೆ ಗೊತ್ತು. ಹೊನ್ನಾಳಿಯ ಹೊಳೆದಂಡೆಯ ಊರುಗಳಲ್ಲಿ, ನ್ಯಾಮತಿಯ ತಾಂಡಾಗಳಲ್ಲಿ, ಜಗಳೂರಿನ ಮೆಕ್ಕೆಜೋಳದ ಹೊಲಗಳ ನಡುವಿನ ಹಳ್ಳಿಗಳಲ್ಲಿ ಇಂಥ ಎಷ್ಟೋ ಬಾಗಿಲುಗಳಿದ್ದವು. ಜ್ವರ ಬಂದರೂ ಹೇಳಿಕೊಳ್ಳದೆ ಒಲೆ ಮುಂದೆ ಕೂತ ಅಕ್ಕಂದಿರಿದ್ದರು. “ನಾನು ಮಲಗಿದರೆ ಇವರಿಗೆ ಬೇಯಿಸಿ ಹಾಕೋರು ಯಾರು?” ಎಂಬ ಮಾತು ನಮ್ಮ ಓಣಿಯಲ್ಲೇ ಕೇಳಿದ್ದೇನೆ. ಹೀಗೆ ರೋಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ದುಡಿದವರು ಹಿಂದೆಯೂ ಇದ್ದರು. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ನಡುಪ್ರಾಯದವರು, ಅದರಲ್ಲೂ ಹೆಂಗಸರು ಹೆಚ್ಚು ಸತ್ತರೆಂದು 1921ರ ಜನಗಣತಿ ವರದಿ ದಾಖಲಿಸಿದೆ. ಮನೆಮಂದಿಯ ಆರೈಕೆ ಮಾಡುತ್ತಾ ಮಾಡುತ್ತಾ ತಾವೇ ರೋಗಕ್ಕೆ ಬಿದ್ದರು ಎಂಬುದು ಅದಕ್ಕೆ ಕೊಡುತ್ತಾ ಬಂದ ಕಾರಣ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ನಂಜಮ್ಮ ನೆನಪಾಗದೆ ಇರಳು. ಶ್ಯಾನುಭೋಗಿಕೆ ಗಂಡನ ಹೆಸರಿನಲ್ಲಿ, ಲೆಕ್ಕ ಬರೆಯುವ ಕೈ ಅವಳದು. ಪ್ಲೇಗು ಅವಳ ಇಬ್ಬರು ಮಕ್ಕಳನ್ನು ಒಯ್ದಿತು. ಕೊನೆಗೆ ಅವಳನ್ನೂ ಒಯ್ದಿತು.

ಆದರೆ ನಾನು ಇಂದು ಬರೆಯಲು ಕೂತದ್ದು ದುಃಖ ತೋಡಿಕೊಳ್ಳಲು ಅಲ್ಲ. ಕೋವಿಡ್‌ನ ಆ ಎರಡು ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಇನ್ನೊಂದೂ ನಡೆಯಿತು. ಅದನ್ನು ನಾವು ಮರೆಯುತ್ತಿದ್ದೇವೆ. ಅದನ್ನು ನೆನಪಿಸಬೇಕಿದೆ.

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿತು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕಾಫಿ ಸೀಮೆಯ ತೋಟಗಳಿಗೆ ಹೋಗಿದ್ದ ನಮ್ಮ ಹುಡುಗರು ಊರಿಗೆ ಮರಳಿದರು. ಮೇ ಮೊದಲ ವಾರ ಸರ್ಕಾರ ಉಚಿತ ಬಸ್ಸು ಬಿಟ್ಟಾಗ ಗಂಟುಮೂಟೆ ಹೊತ್ತು ಬಂದವರೆಷ್ಟೋ. ಬಂದವರು ಶಾಲೆಯಲ್ಲೋ ಹೊಲದ ಗುಡಿಸಿಲಿನಲ್ಲೋ ಕ್ವಾರಂಟೈನ್ ದಿನ ಎಣಿಸಿದರು. ಆಮೇಲೆ ಮನೆಯಲ್ಲಿ ಕೂತರು. ವರ್ಷಕ್ಕೆ ಎರಡು ಸಲ, ಹಬ್ಬಕ್ಕೆ, ಜಾತ್ರೆಗೆ ನೆಂಟರ ಹಾಗೆ ಬಂದು ಹೋಗುತ್ತಿದ್ದ ಅಪ್ಪಂದಿರು ಮೊದಲ ಸಲ ತಿಂಗಳುಗಟ್ಟಲೆ ಮಕ್ಕಳ ಜೊತೆ ಇದ್ದರು. ಮಗುವಿನ ಹಟ ಯಾವ ಹೊತ್ತಿಗೆ ಏಳುತ್ತದೆ, ಹೇಗೆ ಇಳಿಯುತ್ತದೆ ಎಂದು ಅವರಿಗೆ ತಿಳಿಯಿತು. ಹೆಂಡತಿ ಎಷ್ಟು ಗಂಟೆಗೆ ಏಳುತ್ತಾಳೆ ಎಂದೂ ತಿಳಿಯಿತು.

ಆ ಗಂಡಸರಿಗೂ ಅದು ಸುಲಭದ ಕಾಲವಾಗಿರಲಿಲ್ಲ. ದುಡಿದು ತರುವವನೇ ಗಂಡಸು ಎಂದು ನಾವು ಕಲಿಸಿದ್ದೆವು. ದುಡಿಮೆ ನಿಂತ ದಿನ ಅವನಿಗೆ ತಾನು ಯಾರು ಎಂದೇ ತೋಚಲಿಲ್ಲ. ಕಟ್ಟೆಯ ಮೇಲೆ ಕೂರಲೂ ಪೊಲೀಸರ ಭಯ. ಒಳಗೆ ಕೂತರೆ ಕೈಗೆ ಕೆಲಸವಿಲ್ಲ. ಉದ್ಯೋಗ ಖಾತರಿಯಲ್ಲಿ ಕೆರೆ ಹೂಳೆತ್ತುವ, ಬದು ಹಾಕುವ ಕೆಲಸ ಶುರುವಾದಾಗ ಗಂಡ ಹೆಂಡತಿ ಜೊತೆಯಾಗಿ ಹೋದರು. ಆ ವರ್ಷದ ಕೂಲಿ ದಿನಕ್ಕೆ 275 ರೂಪಾಯಿ. ಅವನಿಗೂ ಅಷ್ಟೇ, ಅವಳಿಗೂ ಅಷ್ಟೇ. ಊರಿನ ಹೊಲಗಳಲ್ಲಿ ಗಂಡಾಳಿಗೊಂದು ಹೆಣ್ಣಾಳಿಗೊಂದು ಕೂಲಿ ಕಂಡವರಿಗೆ ಅದು ಸಣ್ಣ ಸಂಗತಿಯಲ್ಲ. ಸಂಜೆ ಇಬ್ಬರೂ ಒಂದೇ ಮಣ್ಣು ಹೊತ್ತು, ಒಂದೇ ದಣಿವಿನಲ್ಲಿ ಮನೆಗೆ ಬಂದಾಗ, ಕೆಲವು ಮನೆಗಳಲ್ಲಿ ಒಲೆ ಹಚ್ಚುವ ಕೈ ಬದಲಾಯಿತು.

ಕೆಲವು ಮನೆಗಳಲ್ಲಿ ಮಾತ್ರ. ಅದೂ ಕೆಲವು ದಿನ ಮಾತ್ರ.

ಇಲ್ಲಿ ನಿಮ್ಮ ಮುಂದೆ ಎರಡು ಲೆಕ್ಕ ಇಡುತ್ತೇನೆ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ, ಅಂದರೆ ಕೋವಿಡ್‌ಗೆ ಮುಂಚೆ, ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಸಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಗಂಡಸರಲ್ಲಿ ಮನೆಗೆಲಸಕ್ಕೆ ಕೈ ಹಾಕುತ್ತಿದ್ದವರೇ ನೂರಕ್ಕೆ 26 ಮಂದಿ. ಹಾಗೆ ಕೈ ಹಾಕಿದವರು ಕೊಡುತ್ತಿದ್ದದ್ದು 97 ನಿಮಿಷ. ಅದೇ ಸಮೀಕ್ಷೆ 2024ರಲ್ಲಿ ಮತ್ತೆ ನಡೆಯಿತು. ಹೆಂಗಸರದು 289 ನಿಮಿಷ. ಗಂಡಸರದು 88. ಅಷ್ಟು ದೊಡ್ಡ ಪಾಠ ಕಲಿತು ಬಂದ ಮೇಲೆ ಗಂಡಸರ ನಿಮಿಷ ಏರಬೇಕಿತ್ತು. ಒಂಬತ್ತು ನಿಮಿಷ ಇಳಿಯಿತು. ಆ ಅಂಕಿಯನ್ನು ಓದಿದ ದಿನದಿಂದ ನನಗೆ ಸಮಾಧಾನವಿಲ್ಲ.

ಗಂಡಸರಿಗೆ ಈ ಕೆಲಸ ಬರುವುದಿಲ್ಲ ಎಂಬ ಮಾತನ್ನು ದಯವಿಟ್ಟು ಒಪ್ಪಬೇಡಿ. ನಮ್ಮ ಕಡೆ ಜಾತ್ರೆಯ ದಾಸೋಹದಲ್ಲಿ ಕೊಪ್ಪರಿಗೆ ಮುಂದೆ ನಿಂತು ಸಾವಿರ ಜನಕ್ಕೆ ಸಾರು ಕುದಿಸುವವರು ಯಾರು? ಮದುವೆ ಮನೆಯಲ್ಲಿ ಅಡುಗೆಗೆ ಬರುವ ಭಟ್ಟರು ಯಾರು? ಅಯ್ಯಪ್ಪನ ಮಾಲೆ ಹಾಕಿದವರು ವ್ರತ ಮುಗಿಯುವ ತನಕ ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಾರೆ, ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಾರೆ. ಯಾರೂ ನಗುವುದಿಲ್ಲ. ಸ್ವಾಮಿ ಎಂದು ಕರೆದು ಕೈ ಮುಗಿಯುತ್ತೇವೆ.

ನೀರಿನ ಕಥೆಯನ್ನೇ ನೋಡಿ. ಸೂಳೆಕೆರೆಯನ್ನು ಕಟ್ಟಿಸಿದ್ದು ಶಾಂತವ್ವ ಎಂಬ ಹೆಣ್ಣುಮಗಳು ಎಂದು ನಾವು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದೇವೆ. ಕೆರೆ ಕಟ್ಟಿಸಿದ್ದು ಹೆಣ್ಣು ಎಂದು ಹೆಮ್ಮೆಪಟ್ಟೆವು, ನೀರು ಹೊರುವುದನ್ನೂ ಹೆಣ್ಣಿಗೇ ಬಿಟ್ಟೆವು. ಜಗಳೂರಿನಂಥ ಬರದ ಸೀಮೆಯಲ್ಲಿ ಬೋರಿನ ಮುಂದೆ ಕೊಡಗಳ ಸಾಲು ಹಚ್ಚಿ ಕಾದವರು ಹೆಂಗಸರು, ಹುಡುಗಿಯರು. ಆಮೇಲೆ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಈಗ ಆ ಘಟಕದ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಕ್ಯಾನನ್ನು ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ಹೋಗುವವರು ಬಹುಪಾಲು ಗಂಡಸರು. ನೀರು ಅದೇ, ಮನೆ ಅದೇ, ಬಾಯಾರಿಕೆಯೂ ಅದೇ. ತಲೆಯ ಮೇಲಿನ ಕೊಡ ಹೆಂಗಸರ ಕೆಲಸವಾಗಿತ್ತು, ಬೈಕಿನ ಮೇಲಿನ ಕ್ಯಾನು ಗಂಡಸರ ಕೆಲಸವಾಯಿತು. ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ, ಯಾವ ಹಿರಿಯರೂ ಪಂಚಾಯ್ತಿ ಸೇರಿಸಲಿಲ್ಲ. ಕೆಲಸಕ್ಕೆ ಗಂಡು ಹೆಣ್ಣು ಎಂಬ ಮುದ್ರೆ ಒತ್ತಿದವರು ನಾವೇ. ಅದನ್ನು ಅಳಿಸಲೂ ನಮಗೆ ಬರುತ್ತದೆ. ಒಮ್ಮೆ ಅಳಿಸಿ ತೋರಿಸಿದ್ದೇವೆ.

ಆದ್ದರಿಂದ, ಅಣ್ಣಂದಿರೇ, ನಿಮ್ಮಲ್ಲಿ ಮೊದಲ ಮಾತು. “ಹೆಂಡತಿಗೆ ಸಹಾಯ ಮಾಡುತ್ತೇನೆ” ಎನ್ನುವುದು ಒಳ್ಳೆಯ ಮನಸ್ಸಿನ ಮಾತೇ. ಆದರೂ ಆ ಸಹಾಯದಲ್ಲಿ ಕೆಲಸ ಅವಳದೇ ಆಗಿ ಉಳಿಯುತ್ತದೆ. ಬದಲಿಗೆ ಮನೆಯ ಯಾವುದಾದರೂ ಒಂದೇ ಒಂದು ಕೆಲಸವನ್ನು ಪೂರ್ತಿಯಾಗಿ ನಿಮ್ಮದಾಗಿಸಿಕೊಳ್ಳಿ. ಬೆಳಗಿನ ತಿಂಡಿಯಾದರೆ ತಿಂಡಿ, ಮಕ್ಕಳನ್ನು ಎಬ್ಬಿಸಿ ಶಾಲೆಗೆ ಕಳಿಸುವುದಾದರೆ ಅದು. ಪೂರ್ತಿ ಎಂದರೆ ಅದರ ಯೋಚನೆಯೂ ನಿಮ್ಮದೇ. ರವೆ ಮುಗಿಯುತ್ತಾ ಬಂದಿದೆ ಎಂದು ನಿಮಗೇ ತಿಳಿದಿರಬೇಕು. ಮಗಳ ಸಮವಸ್ತ್ರ ಒಣಗಿದೆಯೋ ಇಲ್ಲವೋ ಎಂದು ರಾತ್ರಿ ನಿಮಗೇ ನೆನಪಾಗಬೇಕು. ಬಾಗಿಲ ಹಿಂದಿನಿಂದ ಯಾರೂ ಹೇಳಿಕೊಡುವ ಹಾಗಿರಬಾರದು. ಅಡಿಕೆಯ ಹದ ಕಲಿತವರಿಗೆ, ಭತ್ತದ ಗದ್ದೆಯ ನೀರು ಅಳೆಯಬಲ್ಲವರಿಗೆ ಇದು ಎಷ್ಟರ ಕೆಲಸ?

ಅತ್ತೆಯಾದವರಲ್ಲಿ, ಹಿರಿಯ ತಾಯಂದಿರಲ್ಲಿ ಒಂದು ಕೋರಿಕೆ. ಮಗ ಪಾತ್ರೆ ತೊಳೆಯಲು ಕೂತಾಗ ನಿಮ್ಮ ಕರುಳು ಚುರುಕ್ ಎನ್ನುವುದು ಸಹಜ. ಓಣಿಯವರು ನೋಡಿಯಾರು ಎಂಬ ಸಂಕೋಚವೂ ಇರುತ್ತದೆ. ಆದರೆ ಆ ಪಾತ್ರೆಯನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಡಿ. ನೀವು ಸೊಸೆಯಾಗಿ ಬಂದ ಹೊಸದರಲ್ಲಿ ಸೊಂಟ ನೋಯುವಾಗ ಯಾರಾದರೂ ಒಂದು ಕೈ ಕೊಟ್ಟಿದ್ದರೆ ಎಂದು ಅಂದುಕೊಂಡ ರಾತ್ರಿ ನಿಮಗೂ ಇದ್ದಿರಬೇಕು. “ನನ್ನ ಮಗ ಬಲು ಚೆನ್ನಾಗಿ ಮಾಡ್ತಾನೆ” ಎಂದು ಓಣಿಗೆ ಕೇಳುವ ಹಾಗೆ ನೀವೊಂದು ಮಾತು ಆಡಿದರೆ ಸಾಕು, ಉಳಿದ ಮನೆಗಳ ಗಂಡುಮಕ್ಕಳ ಹಾದಿ ಸಲೀಸಾಗುತ್ತದೆ. ಇದು ನಿಮ್ಮಿಂದ ಮಾತ್ರ ಆಗುವ ಕೆಲಸ.

ಇನ್ನು ಮಕ್ಕಳ ಮಾತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಕೂತದ್ದು 2021ರ ಅಕ್ಟೋಬರ್ 25ರಂದು. ನಡುವೆ ವಿದ್ಯಾಗಮ ಬಂತು. ಗುಡಿಯ ಕಟ್ಟೆಯಲ್ಲಿ, ಮರದ ನೆರಳಲ್ಲಿ ಮೇಷ್ಟ್ರು, ಟೀಚರಮ್ಮಂದಿರು ಪಾಠ ಮಾಡಿದರು. ಅವರ ಋಣ ದೊಡ್ಡದು. ಆದರೂ ಮನೆಯಲ್ಲಿದ್ದ ಒಂದೇ ಮೊಬೈಲು ಸಾಮಾನ್ಯವಾಗಿ ಹೋದದ್ದು ಹುಡುಗನ ಕೈಗೆ. ಹುಡುಗಿಯ ಕೈಗೆ ಬಂದದ್ದು ಪೊರಕೆ, ತಮ್ಮನೋ ತಂಗಿಯೋ. ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂದಾಗ, ಖರ್ಚು ಉಳಿಯಿತು ಎಂದು ಅವಸರವಾಗಿ ಧಾರೆ ಎರೆದ ಮನೆಗಳೂ ಇದ್ದವು. ಅವರು ಮಗಳ ಮೇಲೆ ಪ್ರೀತಿ ಇಲ್ಲದವರಲ್ಲ, ನಾಳೆ ಏನಾಗುವುದೋ ಎಂದು ಹೆದರಿದವರು. ಕೋವಿಡ್‌ಗೆ ಮುಂಚೆ, 2019ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ, ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಕರ್ನಾಟಕ ತಂದುಕೊಂಡ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ನಿಮ್ಮ ಓಣಿಯಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ ನಾಲ್ಕು ದಿನ ಕಾಣದಿದ್ದರೆ ಏನಾಯಿತು ಎಂದು ಕೇಳಿ. ಅಂಗನವಾಡಿ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿ. 1098ಕ್ಕೆ ಕರೆ ಮಾಡಿದವರ ಹೆಸರು ಹೊರಗೆ ಬರುವುದಿಲ್ಲ.

ಮುಚ್ಚಿದ ಬಾಗಿಲ ಹಿಂದೆ ಅಕ್ಕಿಯ ಅಳತೆಯ ಮಾತುಗಳಷ್ಟೇ ಇರಲಿಲ್ಲ. ಏಟಿನ ಸದ್ದೂ ಇತ್ತು. 2020ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ದೂರುಗಳು 23,722. ದೂರು ಕೊಡಲು ಫೋನು, ಧೈರ್ಯ ಎರಡೂ ಇದ್ದವರ ಲೆಕ್ಕ ಅದು. ಈಗಾಗಲೇ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮದುವೆಯಾದ ಮಹಿಳೆಯರು ಕರ್ನಾಟಕದಲ್ಲಿ ಶೇಕಡಾ 44.4. ನಮ್ಮ ರಾಜ್ಯಕ್ಕೆ ಇದು ನೋವಿನ ಅಂಕಿ. ಇನ್ನೊಂದು ಸಂಗತಿ ನಿಮಗೆ ನೆನಪಿರಬಹುದು. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಹೆಂಡದ ಅಂಗಡಿಗಳು ಮುಚ್ಚಿದ್ದವು. ಆ ನಲವತ್ತು ದಿನ ಮನೆಯಲ್ಲಿ ನೆಮ್ಮದಿ ಇತ್ತು ಎಂದ ಅಕ್ಕಂದಿರು ಒಬ್ಬಿಬ್ಬರಲ್ಲ. 2019ರ ಜನವರಿಯಲ್ಲಿ ನೆರೆಯ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಕಾಲ್ನಡಿಗೆಯಲ್ಲಿ ಹೋದದ್ದು ಸುಮ್ಮನೆ ಅಲ್ಲ.

ಪಕ್ಕದ ಮನೆಯಲ್ಲಿ ಗಲಾಟೆ ಕೇಳಿಸಿದರೆ “ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ” ಎಂದು ಹೊದ್ದುಕೊಂಡು ಮಲಗಬೇಡಿ. ಹೋಗಿ ಬಾಗಿಲು ತಟ್ಟಿ. ಸಕ್ಕರೆ ಕೇಳುವ ನೆಪವಾದರೂ ಸರಿ. ಆ ಒಂದು ತಟ್ಟುವಿಕೆಗೆ ಎತ್ತಿದ ಕೈ ಇಳಿಯಬಹುದು. ಆಗದಿದ್ದರೆ 181 ಇದೆ, 112 ಇದೆ. ದಾವಣಗೆರೆಯಲ್ಲಿ ಸಖಿ ಕೇಂದ್ರ ಇದೆ.

ಗುಲಾಬಿ ಸೀರೆಯ ಆಶಾ ಅಕ್ಕನನ್ನು ನೆನೆಯದೆ ಈ ಬರಹ ಮುಂದೆ ಹೋಗದು. ರಾಜ್ಯದಲ್ಲಿ ಅವರು ಸುಮಾರು 42 ಸಾವಿರ. ನಾವು ಬಾಗಿಲು ಹಾಕಿಕೊಂಡಿದ್ದಾಗ ಬಾಗಿಲಿಂದ ಬಾಗಿಲಿಗೆ ನಡೆದವರು. ನಮ್ಮ ಓಣಿಗೆ ಬರುತ್ತಿದ್ದಾಕೆ ಅವ್ವನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅಂಕಿ ಬರೆದುಕೊಂಡು, ಸಂಜೆ ತನ್ನ ಮನೆಯ ಹಿತ್ತಲಲ್ಲಿ ಸ್ನಾನ ಮಾಡಿ, ಸೀರೆಯನ್ನು ಬಿಸಿನೀರಿಗೆ ಹಾಕಿ, ಆಮೇಲೆ ಒಳಗೆ ಹೋಗಿ ರೊಟ್ಟಿ ತಟ್ಟುತ್ತಿದ್ದಳು. 2020ರ ಜುಲೈಯಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿ ಖಚಿತ ಗೌರವಧನ ಕೊಡಿ ಎಂದು ಇವರು ಮುಷ್ಕರ ಹೂಡಬೇಕಾಯಿತು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಜಿನೀವಾದಿಂದ ಬಂದ ಗೌರವ ನಮ್ಮ ಓಣಿಯ ತನಕವೂ ತಲುಪಲಿ. ಅವರು ಬಂದಾಗ ಕುರ್ಚಿ ಹಾಕಿ. ಅವರ ಗೌರವಧನದ ಮಾತು ಗ್ರಾಮಸಭೆಯಲ್ಲಿ ಬಂದರೆ ಅವರ ಪರವಾಗಿ ಎದ್ದು ನಿಂತು ಮಾತಾಡಿ.

ಗ್ರಾಮಸಭೆ ಎಂದೆ. ನಮ್ಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. 2020ರ ಡಿಸೆಂಬರ್‌ನಲ್ಲಿ, ರೋಗದ ನಡುವೆಯೇ ಚುನಾವಣೆ ನಡೆದು ಆ ಅಕ್ಕಂದಿರು ಗೆದ್ದು ಬಂದರು. ಬಂದ ಕೆಲವೇ ತಿಂಗಳಲ್ಲಿ ಎರಡನೇ ಅಲೆಯನ್ನು ಎದುರಿಸಿದರು. ಆಮೇಲೂ ಎಷ್ಟೋ ಕಡೆ ಸಭೆಯಲ್ಲಿ ಗೆದ್ದ ಸದಸ್ಯೆಯ ಪರವಾಗಿ ಗಂಡನೋ ಮಗನೋ ಮಾತಾಡುತ್ತಾನೆ. ಮುಂದಿನ ಸಲ ಸಭೆಗೆ ಹೋದಾಗ ಪ್ರಶ್ನೆಯನ್ನು ಆ ಸದಸ್ಯೆಗೇ ಕೇಳಿ. ಉತ್ತರ ಬರುವ ತನಕ ಕಾಯಿರಿ. ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥೆ ಎಂದು ಹಿರಿಯ ಹೆಣ್ಣುಮಗಳ ಹೆಸರು ಬರೆಯಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆಯೇ ಹೇಳಿದೆ. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತಿದೆ. ಕಾಗದದ ಮೇಲೆ ಯಜಮಾನಿ ಆಗಲೇ ಇದ್ದಾಳೆ. ಊಟಕ್ಕೆ ಕೂರುವಾಗ ಅವಳೂ ಜೊತೆಗೇ ಕೂರಲಿ. ಕೊನೆಗೆ ಉಳಿದ ಸಾರಿನಲ್ಲಿ ಒಬ್ಬಳೇ ಉಣ್ಣುವುದು ಬೇಡ.

ನಮ್ಮವ್ವ ಹುಷಾರಾದಳು. ಹದಿನೈದನೇ ದಿನ ಮಿಂದು ಬಂದು ನೇರ ಅಡುಗೆಮನೆಗೆ ಹೋದಳು. ನಾವು ಮೂವರೂ ಮಾತಿಲ್ಲದೆ ಹೊರಗೆ ಬಂದೆವು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕೈಯಲ್ಲಿದ್ದ ಸೌಟು ಎಷ್ಟು ಸುಲಭವಾಗಿ ವಾಪಸು ಹೋಯಿತು ಎಂದು ನೆನೆದರೆ ಈಗಲೂ ನನಗೆ ನಾಚಿಕೆ. ಮಾರನೆಯ ಬೆಳಿಗ್ಗೆ ಅವ್ವ ಎದ್ದು ಬರುವಷ್ಟರಲ್ಲಿ ಅಪ್ಪ ಅಕ್ಕಿ ತೊಳೆದು ಒಲೆಯ ಮೇಲೆ ಇಟ್ಟಿದ್ದರು. “ನೀವ್ಯಾಕೆ?” ಎಂದಳು ಅವ್ವ. “ಅನ್ನ ನನಗೆ ಬಿಡು,” ಎಂದರು ಅಪ್ಪ.

ಇಷ್ಟು ವರ್ಷಗಳಾದವು. ನಮ್ಮ ಮನೆಯಲ್ಲಿ ಬೆಳಗಿನ ಅನ್ನ ಈಗಲೂ ಅಪ್ಪನದೇ. ಬೆರಳಿಟ್ಟು ನೋಡುವುದನ್ನು ಅವರು ಬಿಟ್ಟಿಲ್ಲ. ಸಾರು ತಮ್ಮನದು, ಸಂಜೆಯ ಪಾತ್ರೆ ನನ್ನದು. ಅಷ್ಟಕ್ಕೆ ನಮ್ಮಿಬ್ಬರಿಗೆ ಇನ್ನೂ ಒಂದು ವರ್ಷ ಬೇಕಾಯಿತು.

ಚನ್ನಗಿರಿಯ, ಹೊನ್ನಾಳಿಯ, ನ್ಯಾಮತಿಯ, ಜಗಳೂರಿನ ನನ್ನ ಬಂಧುಗಳೇ, ಆ ದಿನಗಳಲ್ಲಿ ನಿಮ್ಮ ಮನೆಗಳಲ್ಲೂ ನೀವು ಏನೋ ಒಂದು ಕಲಿತಿದ್ದೀರಿ. ಕಸೂತಿ ಹಾಕಿದ ಮಾಸ್ಕಿನಂತೆ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿಟ್ಟಿದ್ದೀರಿ. ಇವತ್ತು ಸಂಜೆ ಮನೆಮಂದಿಯೆಲ್ಲ ಕೂತಾಗ ಅದನ್ನು ನೆನಪಿಸಿಕೊಳ್ಳಿ. ನಾಳೆ ಬೆಳಿಗ್ಗೆಯಿಂದ ಅದನ್ನು ಮತ್ತೆ ನಿಮ್ಮ ಕೈಗೆ ತೆಗೆದುಕೊಳ್ಳಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.